‘ದುಡ್ಡಿಲ್ಲ’ ಎಂದರೆ ಯಾವ ದುಡ್ಡಿಲ್ಲ? ಪಂಚಾಯಿತಿ ಬಜೆಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಗ್ರಾಮ ಪಂಚಾಯಿತಿಯ ಆಯವ್ಯಯ, ಕ್ರಿಯಾ ಯೋಜನೆ, ಗ್ರಾಮ ಸಭೆಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ. ಪಟ್ಟಣದವರ ಒಂದು ಪ್ರಶ್ನೆಯೂ ಇದೆ.

ಪ್ರಶ್ನೆ: ಪಂಚಾಯಿತಿ ಖಾತೆಯಲ್ಲಿ ಲಕ್ಷಗಟ್ಟಲೆ ಹಣ ಇದೆ ಎಂದು ನಮ್ಮ ವಾರ್ಡಿನ ಸದಸ್ಯರೇ ಹೇಳುತ್ತಾರೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದರೆ ‘ರಸ್ತೆಗೆ ದುಡ್ಡಿಲ್ಲ’ ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ನಂಬಬೇಕು?
(ಒಬ್ಬ ರೈತರು, ಹಾವೇರಿ ಜಿಲ್ಲೆ)

ಇಬ್ಬರ ಮಾತೂ ನಿಜ ಇರಬಹುದು. ಪಂಚಾಯಿತಿಗೆ ಬರುವ ಹಣ ಒಟ್ಟಾಗಿ ಒಂದು ಕಡೆ ಬಿದ್ದಿರುವುದಿಲ್ಲ. ಬರುವಾಗಲೇ ಹಣೆಪಟ್ಟಿ ಹಚ್ಚಿಕೊಂಡು ಬರುತ್ತದೆ.

ಹೆಚ್ಚಿನ ಕಡೆ ದೊಡ್ಡ ಮೊತ್ತ ಬಂದದ್ದು ಕೇಂದ್ರ ಸರ್ಕಾರ ಕೊಡುವ 15ನೇ ಹಣಕಾಸು ಆಯೋಗದ ಅನುದಾನದಿಂದ. 2021-22ರಿಂದ 2025-26ರವರೆಗಿನ ಅದರ ಲೆಕ್ಕ ಹೀಗಿತ್ತು: ಶೇ 60ರಷ್ಟು ನಿರ್ಬಂಧಿತ ಅನುದಾನ, ಶೇ 40ರಷ್ಟು ಅನಿರ್ಬಂಧಿತ. ನಿರ್ಬಂಧಿತದಲ್ಲಿ ಅರ್ಧ, ಅಂದರೆ ಒಟ್ಟಿನ ಶೇ 30, ಕುಡಿಯುವ ನೀರು, ಮಳೆ ನೀರು ಕೊಯ್ಲು, ಬಳಸಿದ ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯಕ್ಕೆ ಮತ್ತು ಬಯಲು ಶೌಚಮುಕ್ತ ಸ್ಥಿತಿಯನ್ನು ಉಳಿಸಿಕೊಳ್ಳುವ ಕೆಲಸಕ್ಕೆ. ಒಂದು ಪಂಚಾಯಿತಿಗೆ ವರ್ಷಕ್ಕೆ 20 ಲಕ್ಷ ಬಂತೆಂದುಕೊಳ್ಳಿ. 6 ಲಕ್ಷ ನೀರಿಗೆ, 6 ಲಕ್ಷ ನೈರ್ಮಲ್ಯಕ್ಕೆ ಹೋಗಿ ಉಳಿಯುವುದು 8 ಲಕ್ಷ. ರಸ್ತೆ, ಬೀದಿ ದೀಪ, ಅಂಗನವಾಡಿ ದುರಸ್ತಿ, ಸ್ಮಶಾನದ ಬೇಲಿ, ಎಲ್ಲವೂ ಈ ಎಂಟರಲ್ಲೇ ಆಗಬೇಕು. ಇದರಿಂದ ಸಂಬಳ ಕೊಡುವಂತೆಯೂ ಇರಲಿಲ್ಲ. ವರ್ಷದ ಕೊನೆಗೆ ಖಾತೆಯಲ್ಲಿ 5 ಲಕ್ಷ ಕಂಡರೂ ಅದು ನೀರಿನ ಪಾಲಿನದಾಗಿದ್ದರೆ ರಸ್ತೆಗೆ ಮುಟ್ಟುವಂತಿಲ್ಲ. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಹೊಸ ಹಣದ ಪ್ರಮಾಣವನ್ನು ಹೊಸ ಆದೇಶ ನೋಡಿಯೇ ಹೇಳಬೇಕು, ಹಳೆಯ 60:40ನ್ನು ಹಿಡಿದು ವಾದಿಸಬೇಡಿ.

ಎರಡನೆಯದು ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನ. ಕೈಗೆ ಬರುವಷ್ಟರಲ್ಲಿ ಇದರ ದೊಡ್ಡ ಪಾಲು ನೀರಿನ ಪಂಪು ಮತ್ತು ಬೀದಿ ದೀಪದ ಕರೆಂಟ್ ಬಿಲ್ಲಿಗೆ ಹೊಂದಿಕೆಯಾಗಿರುತ್ತದೆ.

ಮೂರನೆಯದು ಸ್ವಂತ ಸಂಪನ್ಮೂಲ: ಮನೆ ಕಂದಾಯ, ನೀರಿನ ದರ, ಅಂಗಡಿ ಮಳಿಗೆ ಬಾಡಿಗೆ, ಸಂತೆ ಹರಾಜು, ಲೈಸೆನ್ಸ್ ಶುಲ್ಕ. ಪಂಚಾಯಿತಿ ನಿಜವಾಗಿ ತನ್ನ ಮನಸ್ಸಿನಂತೆ ಖರ್ಚು ಮಾಡಬಹುದಾದ ಹಣ ಇದೊಂದೇ. ಇದರಲ್ಲೂ ಶೇ 25ನ್ನು ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ, ಶೇ 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಕಂದಾಯದ ರಸೀದಿಯಲ್ಲಿ ಕಾಣುವ ಗ್ರಂಥಾಲಯ ಕರ, ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ ಪಂಚಾಯಿತಿಯವಲ್ಲ. ವಸೂಲಿ ಮಾಡಿ ಆಯಾ ಬಾಬಿಗೆ ಕಟ್ಟಬೇಕಾದ ಹಣ ಅದು. ಕೆಲವು ಕಡೆ ಇದನ್ನು ಕಟ್ಟದೆ ದಿನದ ಖರ್ಚಿಗೆ ಬಳಸಿರುತ್ತಾರೆ. ಲೆಕ್ಕಪರಿಶೋಧನೆಯ ಆಕ್ಷೇಪಣೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಾಲು ಇದು.

ಹಾಗಾಗಿ ‘ದುಡ್ಡಿದೆಯಾ’ ಎಂದು ಕೇಳಬೇಡಿ. ‘ಅನಿರ್ಬಂಧಿತ ಅನುದಾನದಲ್ಲಿ ಎಷ್ಟು ಉಳಿದಿದೆ, ಸ್ವಂತ ಸಂಪನ್ಮೂಲದಲ್ಲಿ ಎಷ್ಟು ಉಳಿದಿದೆ’ ಎಂದು ಬಾಬು ಹೆಸರಿಸಿ ಕೇಳಿ. ಉತ್ತರ ತಾನಾಗಿ ಬೇರೆ ಥರ ಬರುತ್ತದೆ. ಇನ್ನೊಂದು: ನಿಮ್ಮದು ರಸ್ತೆಯ ಸಮಸ್ಯೆಯೋ, ರಸ್ತೆ ಮೇಲೆ ಬಚ್ಚಲು ನೀರು ನಿಲ್ಲುವ ಸಮಸ್ಯೆಯೋ ನೋಡಿಕೊಳ್ಳಿ. ಎರಡನೆಯದಾದರೆ ಅದು ಚರಂಡಿ ಕೆಲಸ, ನೈರ್ಮಲ್ಯದ ಪಾಲಿನಲ್ಲಿ ಕೇಳಲು ದಾರಿಯಿದೆ.

ಪ್ರಶ್ನೆ: ಬಜೆಟ್ ಸಭೆಯ ದಿನ ಸಂಘದ ಹೆಂಗಸರೆಲ್ಲ ಹೋಗಿ ಚರಂಡಿ ಕೇಳಿದೆವು. ‘ಈಗ ಏನೂ ಸೇರಿಸೋಕಾಗಲ್ಲ’ ಅಂದರು. ಬಜೆಟ್ ದಿನ ಅಲ್ಲದೆ ಮತ್ತೆ ಯಾವಾಗ ಕೇಳಬೇಕು?
(ಸ್ವಸಹಾಯ ಸಂಘದ ಸದಸ್ಯೆ, ತುಮಕೂರು ಜಿಲ್ಲೆ)

ನಾಲ್ಕೈದು ತಿಂಗಳು ಮೊದಲು, ಅಮ್ಮಾ. ಫೆಬ್ರವರಿ, ಮಾರ್ಚ್ ಹೊತ್ತಿಗೆ ನಡೆಯುವ ಬಜೆಟ್ ಸಭೆಯಲ್ಲಿ ಆಗುವುದು ಬಹುಮಟ್ಟಿಗೆ ಕೂಡಿ ಕಳೆಯುವ ಕೆಲಸ. ಯಾವ ಕೆಲಸ ಆಗಬೇಕು ಎಂಬ ತೀರ್ಮಾನ ಅಷ್ಟರಲ್ಲಿ ಮುಗಿದಿರುತ್ತದೆ.

ಮುಂದಿನ ವರ್ಷದ ಯೋಜನೆ ತಯಾರಿ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರು. ನಮ್ಮ ರಾಜ್ಯದಲ್ಲಿ ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಹೆಸರಿನಲ್ಲಿ ನಡೆಯುವುದು ಇದೇ. ಮೊದಲು ವಾರ್ಡ್ ಸಭೆ. ಅಲ್ಲಿ ಬಂದ ಬೇಡಿಕೆಗಳು ಪಟ್ಟಿಯಾಗಿ ಗ್ರಾಮ ಸಭೆಗೆ ಬರುತ್ತವೆ. ಗ್ರಾಮ ಸಭೆ ಅವಕ್ಕೆ ಆದ್ಯತೆ ಕೊಡುತ್ತದೆ: ಮೊದಲು ಇದು, ಆಮೇಲೆ ಅದು. ಆ ಪಟ್ಟಿಯನ್ನು ಪಂಚಾಯಿತಿಯ ಸಾಮಾನ್ಯ ಸಭೆ, ಬರಬಹುದಾದ ಅನುದಾನಕ್ಕೆ ಹೊಂದಿಸಿ, ಯೋಜನೆಯಾಗಿ ಒಪ್ಪುತ್ತದೆ. ಅದು ಪಂಚಾಯಿತಿಗಳ ಯೋಜನೆ, ಲೆಕ್ಕ ಇಡುವ ಇ-ಗ್ರಾಮ ಸ್ವರಾಜ್ ಪೋರ್ಟಲ್‌ಗೆ (ಜಾಲತಾಣ) ಏರುತ್ತದೆ. ಗಂಟು ಬೀಳುವುದು ಇಲ್ಲೇ. ಹಣಕಾಸು ಆಯೋಗದ ಹಣ ಪಾವತಿಯಾಗಬೇಕಾದರೆ ಕಾಮಗಾರಿ ಆ ಪೋರ್ಟಲ್‌ನ ಯೋಜನೆಯಲ್ಲಿ ಇರಲೇಬೇಕು. ಅಲ್ಲಿ ಇಲ್ಲದ ಕೆಲಸಕ್ಕೆ ಬಿಲ್ ಹುಟ್ಟುವುದಿಲ್ಲ. ಮಾರ್ಚ್‌ನಲ್ಲಿ ನಿಮಗೆ ‘ಆಗಲ್ಲ’ ಅಂದದ್ದು ಇದಕ್ಕೇ ಇರಬೇಕು. ಪೂರಕ ಯೋಜನೆ ಮಾಡಿ ಸೇರಿಸುವ ಅವಕಾಶ ಇದೆ, ಆದರೆ ಅದಕ್ಕೆ ಮತ್ತೆ ಸಭೆ, ಮತ್ತೆ ಅನುಮೋದನೆ ಬೇಕು.

ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಹಾಜರಾತಿ, ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು. ಕೆಲವು ಕಡೆ ನಡೆಯುವ ರೀತಿ ಬೇರೆ: ಬಂದವರ ಸಹಿ ಮೊದಲೇ ಹಾಕಿಸಿಕೊಳ್ಳುತ್ತಾರೆ, ನಡವಳಿಯನ್ನು ಸಂಜೆ ಕಚೇರಿಯಲ್ಲಿ ಬರೆಯುತ್ತಾರೆ. ಹಾಜರಾತಿ ಸಹಿ ಬೇರೆ, ನಿರ್ಣಯದ ಕೆಳಗಿನ ಸಹಿ ಬೇರೆ. ನಿರ್ಣಯ ಬರೆದು ಓದಿ ಹೇಳಿದ ಮೇಲೆ, ಕೊನೆ ಸಾಲಿನ ಕೆಳಗೆ ಜಾಗ ಬಿಡದೆ ಸಹಿ ಹಾಕಿ. ಫೋನಿನಲ್ಲಿ ಆ ಪುಟದ ಫೋಟೊ ತೆಗೆದುಕೊಳ್ಳಿ.

ಬೇಡಿಕೆ ಬರೆಯುವ ಬಗೆಯೂ ಮುಖ್ಯ. ‘ನಮ್ಮ ಕೇರಿಗೆ ಚರಂಡಿ ಬೇಕು’ ಎಂದು ಬರೆಸಿದರೆ ಇಂಜಿನಿಯರ್ ಅದನ್ನು ಎಲ್ಲಿ ಬೇಕಾದರೂ ಅಳೆಯಬಹುದು. ‘ಹನುಮಂತರಾಯನ ಗುಡಿ ಮೂಲೆಯಿಂದ ಶಾಲೆಯ ಹಿಂದಿನ ಹಳ್ಳದವರೆಗೆ, ಎಡಬದಿ, ಸುಮಾರು 120 ಮೀಟರ್, 34 ಮನೆಗಳ ಬಚ್ಚಲು ನೀರು’ ಎಂದು ಬರೆಸಿ. ನೀರು ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ ಎಂಬುದನ್ನು ಬಿಡಬೇಡಿ. ಕೊನೆ ಇಲ್ಲದ ಚರಂಡಿ ಉದ್ದಕ್ಕೆ ಕಟ್ಟಿದ ಸೊಳ್ಳೆ ತೊಟ್ಟಿ ಅಷ್ಟೆ.

ಪ್ರಶ್ನೆ: ಅನುದಾನವನ್ನು ಸದಸ್ಯರು ತಲಾ ಇಷ್ಟು ಎಂದು ಹಂಚಿಕೊಳ್ಳುವುದು ಕಾನೂನಿನಲ್ಲಿ ಇದೆಯೇ? ಕೊನೆ ಮಾತು ಅಧ್ಯಕ್ಷರದೋ, ಪಿಡಿಒ ಅವರದೋ?
(ನಿವೃತ್ತ ಶಿಕ್ಷಕರು, ಚಿತ್ರದುರ್ಗ ಜಿಲ್ಲೆ)

ಹಂಚಿಕೊಳ್ಳಿ ಎಂದು ಎಲ್ಲೂ ಬರೆದಿಲ್ಲ. ಜಗಳ ತಪ್ಪಿಸಲು ಮಾಡಿಕೊಂಡ ರೂಢಿ ಅದು. ನಮ್ಮ ದೃಷ್ಟಿಯಲ್ಲಿ ಪಂಚಾಯಿತಿ ಹಣ ನಿರರ್ಥಕವಾಗುವುದು ಕಳ್ಳತನಕ್ಕಿಂತ ಹೆಚ್ಚಾಗಿ ಇದರಿಂದ. ಮೇಲಿನ ಉದಾಹರಣೆಯ 8 ಲಕ್ಷವನ್ನು 16 ಸದಸ್ಯರಿಗೆ ಹಂಚಿದರೆ ತಲಾ 50 ಸಾವಿರ. ಅಷ್ಟರಲ್ಲಿ ಒಂದಿಷ್ಟು ಮೀಟರ್ ಚರಂಡಿ, ಒಂದು ಮೋರಿ, ನಾಲ್ಕು ದೀಪ. ಊರಿನ ನೀರು ಹೊರಹೋಗುವ ಮುಖ್ಯ ಚರಂಡಿ ಮೂರು ವಾರ್ಡ್ ದಾಟಿ ಹೋಗಬೇಕಿದ್ದರೆ ಅದು ಯಾರ ಪಾಲಿಗೂ ಬರುವುದಿಲ್ಲ. ಐದು ವರ್ಷ ಕಳೆದರೂ ತುಂಡು ತುಂಡಾಗಿಯೇ ಉಳಿಯುತ್ತದೆ. ಹದಿನಾರು ಕೆಲಸ ಎಂದರೆ ಹದಿನಾರು ಅಂದಾಜು ಪಟ್ಟಿ, ಹದಿನಾರು ಅಳತೆ, ಹದಿನಾರು ಬಿಲ್. ನಾಲ್ಕಾರು ಪಂಚಾಯಿತಿ ನೋಡಿಕೊಳ್ಳುವ ಒಬ್ಬ ಕಿರಿಯ ಇಂಜಿನಿಯರ್ ಇಷ್ಟನ್ನೂ ಸ್ಥಳದಲ್ಲಿ ನಿಂತು ನೋಡುತ್ತಾರೆ ಎಂದು ನಂಬುವುದು ಕಷ್ಟ.

ಇದಕ್ಕೆ ಕೆಲವು ಪಂಚಾಯಿತಿಗಳು ಕಂಡುಕೊಂಡ ದಾರಿ ಸರದಿ: ಈ ವರ್ಷ ಎರಡು ಊರಿನ ದೊಡ್ಡ ಕೆಲಸ, ಮುಂದಿನ ವರ್ಷ ಇನ್ನೆರಡು. ಸರದಿಯನ್ನು ಮೊದಲ ವರ್ಷವೇ ನಿರ್ಣಯವಾಗಿ ಬರೆದಿಟ್ಟುಕೊಂಡರೆ ಮಾತ್ರ ಇದು ನಿಲ್ಲುತ್ತದೆ. ಬಾಯಿ ಮಾತಿನ ಸರದಿ ಅಧ್ಯಕ್ಷರು ಬದಲಾದ ದಿನ ಮುಗಿಯುತ್ತದೆ.

ಕೊನೆ ಮಾತು ಇಬ್ಬರದೂ ಅಲ್ಲ, ಸಾಮಾನ್ಯ ಸಭೆಯದು. ಅಧ್ಯಕ್ಷರು ಸಭೆ ನಡೆಸುತ್ತಾರೆ, ಪಿಡಿಒ ನಿರ್ಣಯ ಜಾರಿ ಮಾಡುತ್ತಾರೆ, ಹಣ ಹೊರಹೋಗಲು ಇಬ್ಬರ ಒಪ್ಪಿಗೆಯೂ ಬೇಕು. ಕಾನೂನಿಗೆ ವಿರುದ್ಧವಾದ ನಿರ್ಣಯವಾದರೆ ಪಿಡಿಒ ತಮ್ಮ ಭಿನ್ನ ಅಭಿಪ್ರಾಯವನ್ನು ನಡವಳಿಯಲ್ಲಿ ಬರೆಯಬಹುದು, ತಾಲ್ಲೂಕು ಪಂಚಾಯಿತಿಗೆ ವರದಿ ಮಾಡಬಹುದು. ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿ ಎಂಬ ಸ್ಥಾಯಿ ಸಮಿತಿಯೊಂದು ಕಾನೂನಿನಲ್ಲೇ ಇದೆ. ಸಾಮಾನ್ಯ ಸ್ಥಾಯಿ ಸಮಿತಿ, ಸಾಮಾಜಿಕ ನ್ಯಾಯ ಸಮಿತಿಗಳೂ ಇವೆ. ನಿಮ್ಮ ಪಂಚಾಯಿತಿಯಲ್ಲಿ ಹಣಕಾಸು ಸಮಿತಿ ಕಳೆದ ಬಾರಿ ಯಾವಾಗ ಸೇರಿತ್ತು ಎಂದು ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ನಮ್ಮ ಬೀದಿಗೆ 5 ಲಕ್ಷದ ಕಾಂಕ್ರೀಟ್ ರಸ್ತೆ ಎಂದು ಬೋರ್ಡ್ ಹಾಕಿದ್ದಾರೆ. ನೋಡಿದರೆ ಅಷ್ಟು ಹಣದ ಕೆಲಸ ಕಾಣುವುದಿಲ್ಲ. ನಾವೇ ಪರೀಕ್ಷೆ ಮಾಡುವುದು ಹೇಗೆ?
(ಯುವಕ ಸಂಘ, ಮಂಡ್ಯ ಜಿಲ್ಲೆ)

ಮೊದಲು ಹಣದ ಲೆಕ್ಕ. ಅಂದಾಜಿನಲ್ಲಿ ಜಿಎಸ್‌ಟಿ ಸೇರಿ 5 ಲಕ್ಷ ಇದ್ದರೆ, ಶೇ 18ರ ದರದಲ್ಲಿ 76,271 ರೂಪಾಯಿ ತೆರಿಗೆಗೆ ಹೋಗುತ್ತದೆ. ಕೆಲಸದ ಮೌಲ್ಯ 4,23,729 ರೂಪಾಯಿ. ಕಾರ್ಮಿಕ ಕಲ್ಯಾಣ ಸೆಸ್ ಶೇ 1 ಇದೆ. ಗುತ್ತಿಗೆದಾರರ ಲಾಭಾಂಶ ದರಪಟ್ಟಿಯ ಒಳಗೇ ಇರುತ್ತದೆ. ಆದ್ದರಿಂದ 5 ಲಕ್ಷವೂ ಸಿಮೆಂಟು ಜಲ್ಲಿಯಾಗಿ ಕಾಣಬೇಕೆಂದರೆ ಆಗದು. ಅಷ್ಟನ್ನು ಬಿಟ್ಟು ಉಳಿದದ್ದು ಕಾಣಲೇಬೇಕು.

ಇನ್ನು ಅಳತೆ. ಅಂದಾಜು ಪಟ್ಟಿಯ ಪ್ರತಿ ತರಿಸಿಕೊಳ್ಳಿ. ಅದರಲ್ಲಿ ಉದ್ದ, ಅಗಲ, ದಪ್ಪ, ತಳದ ಪದರ ಎಲ್ಲವೂ ಇರುತ್ತದೆ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟ್ ಬೀಳಬೇಕು. ದಪ್ಪ 12 ಸೆಂಟಿಮೀಟರ್ ಆದರೆ ಬೀಳುವುದು 36. ಕಣ್ಣಿಗೆ ವ್ಯತ್ಯಾಸ ಕಾಣದೆ ಐದರಲ್ಲಿ ಒಂದು ಪಾಲು ಮಾಯ.

ದಪ್ಪವನ್ನು ರಸ್ತೆ ಅಂಚಿನಲ್ಲಿ ಅಳೆದು ಮೋಸ ಹೋಗಬೇಡಿ. ಅಂಚಿನ ಹಲಗೆ 15 ಸೆಂಟಿಮೀಟರಿನದೇ ಇರುತ್ತದೆ, ಅಲ್ಲಿ ದಪ್ಪ ಸರಿಯಾಗಿಯೇ ಕಾಣುತ್ತದೆ. ತಳವನ್ನು ಮಟ್ಟ ಮಾಡದೆ ಮಧ್ಯೆ ಉಬ್ಬಿಸಿ ಬಿಟ್ಟರೆ ನಡುವಿನ ದಪ್ಪ 9–10ಕ್ಕೆ ಇಳಿಯುತ್ತದೆ. ಕಾಂಕ್ರೀಟ್ ಸುರಿಯುವ ಮುಂಚೆ, ಎರಡೂ ಬದಿಯ ಹಲಗೆಗಳ ಮೇಲಂಚಿಗೆ ಅಡ್ಡವಾಗಿ ದಾರ ಬಿಗಿದು, ನಡುವೆ ಟೇಪು ಕೆಳಗಿಳಿಸಿ ನೋಡಿ. ಹತ್ತು ಹತ್ತು ಮೀಟರಿಗೆ ಒಂದು ಕಡೆ ನೋಡಿದರೆ ಸಾಕು. ಸುರಿದಾದ ಮೇಲೆ ವಾದಿಸಿ ಗೆಲ್ಲುವುದು ಕಷ್ಟ, ಕೋರ್ ಕೊರೆಸಬೇಕಾಗುತ್ತದೆ, ಅಂದರೆ ಯಂತ್ರದಿಂದ ರಸ್ತೆ ಕೊರೆದು ತುಂಡು ಹೊರತೆಗೆದು ಅಳೆಯಬೇಕಾಗುತ್ತದೆ.

ಸುರಿದ ಮೇಲೆ ಎರಡು ವಾರ ನೀರು ನಿಲ್ಲಿಸಿ ಹದ ಮಾಡಬೇಕು. ಬೇಸಿಗೆಯಲ್ಲಿ ಮೂರೇ ದಿನಕ್ಕೆ ನೀರು ಹಾಕುವುದನ್ನು ನಿಲ್ಲಿಸಿದ ರಸ್ತೆ ಮೊದಲ ಮಳೆಗೆ ಮೇಲ್ಮೈ ಉದುರುತ್ತದೆ. ಆಗ ಸಿಮೆಂಟ್ ಕದ್ದರು ಎಂದು ಜನ ಹೇಳುತ್ತಾರೆ, ತಪ್ಪು ಇರುವುದು ನೀರಿನಲ್ಲಿ.

ಕೊನೆಗೆ ಅಳತೆ ಪುಸ್ತಕ, ಎಲ್ಲರೂ ಎಂ.ಬಿ. ಎನ್ನುವುದು. ಬಿಲ್ ಆಗುವುದು ಬೋರ್ಡ್ ನೋಡಿಯಲ್ಲ, ಎಂ.ಬಿ. ನೋಡಿ. ಅದರಲ್ಲಿ ಬರೆದ ಉದ್ದವನ್ನೂ ನಿಮ್ಮ ಟೇಪಿನ ಉದ್ದವನ್ನೂ ಹೋಲಿಸಿ.

ಪ್ರಶ್ನೆ: ಪ್ರತಿ ವರ್ಷ ಬಜೆಟ್‌ನಲ್ಲಿ ಕೆಲಸಗಳ ಪಟ್ಟಿ ಉದ್ದ ಇರುತ್ತದೆ. ವರ್ಷದ ಕೊನೆಗೆ ಅರ್ಧವೂ ಆಗಿರುವುದಿಲ್ಲ. ಯಾರೋ ತಿಂದರು ಎಂದೇ ಅರ್ಥವೇ?
(ಗೃಹಿಣಿ, ಕಲಬುರಗಿ ಜಿಲ್ಲೆ)

ತಿಂದಿರಲೂಬಹುದು, ಆದರೆ ಮೊದಲು ಆದಾಯದ ಪುಟ ನೋಡಿ. ಖರ್ಚಿನ ಪುಟವನ್ನು ಎಲ್ಲರೂ ಓದುತ್ತಾರೆ, ಆದಾಯದ ಪುಟವನ್ನು ಯಾರೂ ಓದುವುದಿಲ್ಲ. ಬಜೆಟ್ ಕೆಡುವುದು ಅಲ್ಲಿ.

ಒಂದು ಪಂಚಾಯಿತಿಯ ಕಂದಾಯದ ಬೇಡಿಕೆ ಹಳೆ ಬಾಕಿ ಸೇರಿ 12 ಲಕ್ಷ ಎಂದಿಟ್ಟುಕೊಳ್ಳಿ. ವಸೂಲಾಗುವುದು ವರ್ಷಾ ವರ್ಷ 5 ಲಕ್ಷ. ಬಜೆಟ್‌ನಲ್ಲಿ ಮಾತ್ರ ‘ನಿರೀಕ್ಷಿತ ಆದಾಯ’ 12 ಲಕ್ಷ ಎಂದು ಬರೆದು, ಅಷ್ಟಕ್ಕೂ ಕೆಲಸ ಹಂಚಿರುತ್ತಾರೆ. ಸಭೆಯಲ್ಲಿ ಎಲ್ಲರಿಗೂ ಸಮಾಧಾನ. ಇಲ್ಲದ 7 ಲಕ್ಷಕ್ಕೆ ಒಪ್ಪಿದ ಕೆಲಸಗಳು ಕಾಗದದ ಮೇಲೆಯೇ ಉಳಿಯುತ್ತವೆ. ಸಂಬಳ, ಕರೆಂಟ್, ಮೋಟಾರ್ ರಿಪೇರಿ ಮೊದಲು ಹಣ ತೆಗೆದುಕೊಳ್ಳುವುದರಿಂದ ಬಿದ್ದುಹೋಗುವುದು ಯಾವಾಗಲೂ ಕಾಮಗಾರಿಯೇ. ಬೇಡಿಕೆ, ವಸೂಲಿ, ಬಾಕಿ ತೋರಿಸುವ ಡಿಸಿಬಿ ತಖ್ತೆಯನ್ನು ಮೂರು ವರ್ಷದ್ದು ಕೇಳಿ. ಈ ಸಲದ ಅಂದಾಜು ಮೂರು ವರ್ಷದ ಸರಾಸರಿ ವಸೂಲಿಗಿಂತ ಬಹಳ ಹೆಚ್ಚಿದ್ದರೆ, ‘ಹೆಚ್ಚುವರಿ ಹಣ ಎಲ್ಲಿಂದ’ ಎಂದು ಬಜೆಟ್ ಸಭೆಗೆ ಮುಂಚೆಯೇ ನಿಮ್ಮ ಸದಸ್ಯರಿಂದ ಕೇಳಿಸಿ.

ನೀರಿನ ಲೆಕ್ಕ ಇನ್ನೂ ಕಠಿಣ. 7.5 ಎಚ್‌ಪಿ ಪಂಪು ದಿನಕ್ಕೆ 8 ಗಂಟೆ ಓಡಿದರೆ ಸುಮಾರು 45 ಯೂನಿಟ್. ಮೋಟಾರಿನ ನಷ್ಟ ಸೇರಿಸಿದರೆ ಇನ್ನೂ ಹೆಚ್ಚು. ತಿಂಗಳಿಗೆ 1,350ರ ಮೇಲೆ, ಅದೂ ಒಂದೇ ಪಂಪಿಗೆ. ಮನೆ ಮನೆಗೆ ನಲ್ಲಿ ಬಂದಿದೆ. ಜಲ ಜೀವನ್ ಮಿಷನ್ನಿನ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕು. ಕೊಳವೆ ಹಾಕುವಾಗ ಅನುದಾನ ಬಂತು, ನಡೆಸುವ ಖರ್ಚು ಮಾತ್ರ ಪಂಚಾಯಿತಿಯ ತಲೆಗೆ. ನೀರಿನ ದರ ಏರಿಸುವ ನಿರ್ಣಯಕ್ಕೆ ಯಾವ ಸದಸ್ಯರೂ ಮುಂದಾಗುವುದಿಲ್ಲ, ಮುಂದಿನ ಚುನಾವಣೆ ನೆನಪಿರುತ್ತದೆ. ದರ ಏರಿಸದೆ ಉಳಿಸುವ ಒಂದು ದಾರಿ ಇದೆ: ತಿರುಪು ಇಲ್ಲದ ನಲ್ಲಿಗಳನ್ನು ಎಣಿಸಿ ಹಾಕಿಸುವುದು ಮತ್ತು ನೀರುಗಂಟಿಯವರು ಪಂಪು ಹಾಕಿದ, ನಿಲ್ಲಿಸಿದ ಹೊತ್ತನ್ನು ಪುಸ್ತಕದಲ್ಲಿ ಬರೆಯುವುದು. ಎರಡನೆಯದು ಬಂದ ಕಡೆ ಪಂಪಿನ ಗಂಟೆ ಇಳಿಯುತ್ತದೆ, ಮೋಟಾರ್ ಸುಡುವುದೂ ಕಡಿಮೆಯಾಗುತ್ತದೆ.

ಪ್ರಶ್ನೆ: ಲೆಕ್ಕದ ಪುಸ್ತಕ ನೋಡುವ ಹಕ್ಕು ಸಾಮಾನ್ಯರಿಗೆ ಇದೆಯೇ?
(ಹೆಸರು ಬೇಡ ಎಂದವರು)

ಇದೆ, ಅದಕ್ಕೆಂದೇ ಒಂದು ದಿನವೂ ಇದೆ. ಅದರ ಹೆಸರು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ನಡೆಯಬೇಕು. ಹೊರಗಿನ ಅಧಿಕಾರಿಗಳ ತಂಡ ಬಂದು ಹಿಂದಿನ ಆರ್ಥಿಕ ವರ್ಷದ ಲೆಕ್ಕ, ಕಡತ, ಕಾಮಗಾರಿಗಳನ್ನು ಊರವರ ಎದುರಿಗೆ ಪರಿಶೀಲಿಸಬೇಕು. ಗ್ರಾಮ ಸಭೆಗೆ ನುಗ್ಗುವ ಜನ ಜಮಾಬಂದಿಗೆ ಬರುವುದಿಲ್ಲ. ಹಾಗಾಗಿ ಅನೇಕ ಕಡೆ ಅದು ಚಹಾ ಕುಡಿದು ಮುಗಿಯುತ್ತದೆ. ನಾಲ್ಕು ಜನ ಎರಡೇ ಕಾಮಗಾರಿ ಹೆಸರು ಹಿಡಿದು ಬನ್ನಿ. ‘ಈ ಕೆಲಸದ ಕಡತ ತೆಗೆಯಿರಿ, ಸ್ಥಳಕ್ಕೆ ಹೋಗೋಣ’ ಎನ್ನಿ.

ಪ್ರತಿ ಬೇಕಾದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ಐದು ವರ್ಷದ ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಎಂದು ಬರೆದ ಅರ್ಜಿ ಬೀಳುವುದು ಇಲ್ಲೇ. ಒಂದು ಕಾಮಗಾರಿ ಹೆಸರಿಸಿ, ಅಂದಾಜು ಪಟ್ಟಿ, ಕಾರ್ಯಾದೇಶ, ಎಂ.ಬಿ. ಪುಟಗಳು, ಪಾವತಿ ವೋಚರ್, ಈ ನಾಲ್ಕನ್ನು ಮಾತ್ರ ಕೇಳಿ. ಅರ್ಜಿ ಹಾಕುವ ಮೊದಲು ಇ-ಗ್ರಾಮ ಸ್ವರಾಜ್ ಪೋರ್ಟಲ್‌ನಲ್ಲಿ ನಿಮ್ಮ ಪಂಚಾಯಿತಿಯ ಯೋಜನೆ ತೆರೆದು ನೋಡಿ. ಕಾಮಗಾರಿಯ ಸರಿಯಾದ ಹೆಸರು ಅಲ್ಲಿ ಸಿಗುತ್ತದೆ. ಬಾಯಲ್ಲಿ ಕರೆಯುವ ಹೆಸರು ಬರೆದರೆ ‘ಅಂಥ ಕಾಮಗಾರಿ ಇಲ್ಲ’ ಎಂಬ ಉತ್ತರ ಬರಬಹುದು.

ಪ್ರಶ್ನೆ: ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದರೆ ಗ್ರಾಮ ಸಭೆಯೂ ಇಲ್ಲವೇ?
(ಓದುಗರು, ಕೊಪ್ಪಳ ಜಿಲ್ಲೆ)

ಇರುತ್ತದೆ. ಸಂವಿಧಾನದ 243ಇ ವಿಧಿಯಂತೆ ಪಂಚಾಯಿತಿಗೆ ಐದು ವರ್ಷದ ಆಯುಸ್ಸು. ಗ್ರಾಮ ಸಭೆ ಎಂದರೆ ಮತದಾರರ ಪಟ್ಟಿಯಲ್ಲಿರುವ ಜನ, ಅದಕ್ಕೆ ಅವಧಿ ಇಲ್ಲ. ಆಡಳಿತಾಧಿಕಾರಿ ಇರುವಾಗ ಯೋಜನೆಯನ್ನು ಕಚೇರಿಯಲ್ಲೇ ಮುಗಿಸುವ ಸಂಭವ ಹೆಚ್ಚು, ಆಗಲೇ ಸಭೆ ಕರೆಯಲು ಲಿಖಿತವಾಗಿ ಕೇಳಿ.

ಪ್ರಶ್ನೆ: ನಮ್ಮದು ಪುರಸಭೆ. ಇದೆಲ್ಲ ನಮಗೂ ಅನ್ವಯಿಸುತ್ತದೆಯೇ?
(ವ್ಯಾಪಾರಿ, ಬೆಳಗಾವಿ ಜಿಲ್ಲೆ)

ತರ್ಕ ಅದೇ, ಕಾನೂನು ಬೇರೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳು 1964ರ ಪೌರಸಭೆಗಳ ಅಧಿನಿಯಮದ ಅಡಿ ಬರುತ್ತವೆ. ನಿಮ್ಮಲ್ಲಿ ಗ್ರಾಮ ಸಭೆ ಇಲ್ಲ. ಅದರ ಬದಲು ಬಜೆಟ್ ಪೂರ್ವ ಸಮಾಲೋಚನಾ ಸಭೆ ಕರೆಯಬೇಕೆಂದು 2006ರ ಪೌರಸಭೆಗಳ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳು ಹೇಳುತ್ತವೆ. ಪ್ರಕಟಣೆ ಕಚೇರಿಯ ಫಲಕದಲ್ಲೋ ಪತ್ರಿಕೆಯ ಮೂಲೆಯಲ್ಲೋ ಬಂದು ಹೋಗುತ್ತದೆ. ಚಳಿಗಾಲ ಶುರುವಾಗುತ್ತಲೇ ಮುಖ್ಯಾಧಿಕಾರಿಗಳ ಕಚೇರಿಯಲ್ಲಿ ತಾರೀಕು ವಿಚಾರಿಸಿಡಿ. ಸ್ವಂತ ಆದಾಯದ ಮೀಸಲು ನಿಮ್ಮಲ್ಲಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಬಜೆಟ್ ಪುಸ್ತಕದಲ್ಲಿ ಇವು ಬೇರೆ ಬೇರೆ ಶೀರ್ಷಿಕೆಯಾಗಿ ಕಾಣಬೇಕು. ಕಳೆದ ವರ್ಷ ಇಟ್ಟದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ಎರಡು ಕಾಲಂ ಪಕ್ಕಪಕ್ಕ ಇರುತ್ತವೆ, ಮೊದಲು ಅವನ್ನು ನೋಡಿ.

ಪ್ರಶ್ನೆ: ಬೀದಿ ದೀಪ ಕೆಟ್ಟು ತಿಂಗಳಾಯಿತು. ಪಂಚಾಯಿತಿಯವರು ವಿದ್ಯುತ್ ಕಂಪನಿಯನ್ನು, ಕಂಪನಿಯವರು ಪಂಚಾಯಿತಿಯನ್ನು ತೋರಿಸುತ್ತಾರೆ.
(ಓದುಗರು, ಹಾಸನ ಜಿಲ್ಲೆ)

ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಕಂಪನಿಯದು. ಬಲ್ಬು, ಅದರ ಬ್ರಾಕೆಟ್ಟು, ಬಿಲ್ಲು ಪಂಚಾಯಿತಿಯದು. ಪಕ್ಕದ ಕಂಬದ ದೀಪ ಉರಿಯುತ್ತಿದ್ದರೆ ಬಹುಪಾಲು ಬಲ್ಬಿನ ದೋಷ, ಇಡೀ ಸಾಲು ಆರಿದ್ದರೆ ತಂತಿ ಅಥವಾ ಸ್ವಿಚ್ಚಿನದು. ಕಂಬದ ಮೇಲೆ ಬರೆದಿರುವ ಸಂಖ್ಯೆ ಹಾಕಿ ಪಂಚಾಯಿತಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸಂಖ್ಯೆ ಇಲ್ಲದ ದೂರು ಬಂದರೆ ಲೈನ್‌ಮನ್ ಊರೆಲ್ಲ ಸುತ್ತಿ ಹಿಂದಿರುಗುತ್ತಾರೆ.